ಶಾಲಾ ಸಮಿತಿಯೂ ಒಂದು ಅಮಾನತ್





ನಮ್ಮ ಜಮಾಅತ್‌ಗಳಲ್ಲಿ ಮಸೀದಿಯ ವಾರ್ಷಿಕ ಮಹಾಸಭೆ ಹೇಗೆ ನಡೆಯುತ್ತದೆಂದು ನಿಮಗೆಲ್ಲ ಗೊತ್ತು. ಅಸರ್ ನಮಾಝ್ ಮುಗಿಯುತ್ತಿದ್ದಂತೆ ಜನ ಜಮಾಯಿಸುತ್ತಾರೆ. ಊರಿನ ಹಿರಿಯರೂ ಬರುತ್ತಾರೆ, ಗಲ್ಫ್‌ನಿಂದ ರಜೆಯಲ್ಲಿ ಬಂದ ಯುವಕರೂ ಬರುತ್ತಾರೆ. ಕಾರ್ಯದರ್ಶಿ ಲೆಕ್ಕಪತ್ರ ಓದುತ್ತಾರೆ. ಸುಣ್ಣ ಬಳಿಸಿದ್ದಕ್ಕೆ ಇಷ್ಟೇಕೆ ಖರ್ಚಾಯಿತು, ಹಳೆಯ ಮೈಕ್ ಸೆಟ್ ಎಲ್ಲಿ ಹೋಯಿತು, ಅಂಗಡಿ ಕೋಣೆಯ ಬಾಡಿಗೆ ಯಾಕೆ ಬಾಕಿ ಎಂದು ಒಬ್ಬೊಬ್ಬರೂ ಎದ್ದು ಕೇಳುತ್ತಾರೆ. ಕೆಲವೊಮ್ಮೆ ಇಶಾ ನಮಾಝ್ ಆದ ಮೇಲೂ ಸಭೆ ಮುಂದುವರಿಯುತ್ತದೆ. ಒಳ್ಳೆಯದೇ. ಅಲ್ಲಾಹನ ಭವನದ ಹಣವನ್ನು ಹೀಗೆ ಕೇಳಿ ತಿಳಿಯುವವರು ಇರಬೇಕು.

ಅದೇ ಊರಿನ ರಸ್ತೆಯ ಆಚೆಗೆ ಸರಕಾರಿ ಪ್ರಾಥಮಿಕ ಶಾಲೆಯಿದೆ. ನಮ್ಮ ನೂರಾರು ಮಕ್ಕಳು ದಿನದ ಹೆಚ್ಚಿನ ಹೊತ್ತನ್ನು ಕಳೆಯುವುದು ಅಲ್ಲಿ. ಅಲ್ಲಿ ಶಾಲಾ ಸಮಿತಿಯನ್ನು ಆರಿಸುವ ದಿನ ಮುಖ್ಯೋಪಾಧ್ಯಾಯರು ಬೆಂಚುಗಳನ್ನು ಸಾಲಾಗಿ ಇಡಿಸಿ ಕಾದು ಕುಳಿತಿರುತ್ತಾರೆ. ಹನ್ನೊಂದು ಗಂಟೆಯಾದರೂ ಹತ್ತು ಜನ ಸೇರುವುದಿಲ್ಲ. ಕೊನೆಗೆ ಬಂದವರ ಹೆಸರನ್ನೂ ಬಾರದವರ ಹೆಸರನ್ನೂ ಬರೆದುಕೊಂಡು, ಸಂಜೆ ಪುಸ್ತಕವನ್ನು ಮನೆಮನೆಗೆ ಕಳುಹಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಹೀಗೆ ಸದಸ್ಯರಾದವರಲ್ಲಿ ಎಷ್ಟೋ ಮಂದಿಗೆ ತಾವು ಸದಸ್ಯರೆಂಬುದೇ ಮರೆತುಹೋಗಿರುತ್ತದೆ.

ಮಸೀದಿಯ ಸಮಿತಿ ದೀನ್‌ನ ಕೆಲಸ, ಶಾಲೆಯ ಸಮಿತಿ ಸರಕಾರದ ಕೆಲಸ ಎಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಈ ವಿಭಜನೆಯನ್ನು ನಮಗೆ ಇಸ್ಲಾಮ್ ಕಲಿಸಿಲ್ಲ.

ಸಮಿತಿ ಎಂದರೇನು?

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಕರ್ನಾಟಕದಲ್ಲಿ ಡಾ. ರಾಜಾರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇರೆಗೆ 2001ರಲ್ಲಿ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. ಎಸ್.ಡಿ.ಎಂ.ಸಿ. ಎಂದು ನಾವು ಹೇಳುವುದು ಇದನ್ನೇ. ಅದಕ್ಕಿಂತ ಮೊದಲೂ ಗ್ರಾಮ ಶಿಕ್ಷಣ ಸಮಿತಿಯಂತಹವು ಇದ್ದವು. ಆದರೆ ಅವುಗಳಲ್ಲಿ ಊರಿನ ಮುಖಂಡರಿಗಿದ್ದ ಸ್ಥಾನ ಮಕ್ಕಳ ತಂದೆತಾಯಿಯರಿಗೆ ಇರಲಿಲ್ಲ. ಎಸ್.ಡಿ.ಎಂ.ಸಿ.ಯಲ್ಲಿ ಪೋಷಕರೇ ಪೋಷಕರನ್ನು ಆರಿಸುತ್ತಾರೆ, ಪೋಷಕರಲ್ಲೇ ಒಬ್ಬರು ಅಧ್ಯಕ್ಷರಾಗುತ್ತಾರೆ, ಮುಖ್ಯೋಪಾಧ್ಯಾಯರು ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ. ಅನಂತರ 2009ರಲ್ಲಿ ಅಂಗೀಕೃತವಾಗಿ 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಇಂತಹ ಸಮಿತಿಯನ್ನು ಇಡೀ ದೇಶಕ್ಕೆ ಕಡ್ಡಾಯಗೊಳಿಸಿತು. ಅದರ 21ನೇ ಕಲಮಿನ ಪ್ರಕಾರ ಸಮಿತಿಯ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿ ಅಥವಾ ಪೋಷಕರೇ ಆಗಿರಬೇಕು. ಅರ್ಧದಷ್ಟು ಮಹಿಳೆಯರಿರಬೇಕು. ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕನುಗುಣವಾಗಿ ಸ್ಥಾನವಿರಬೇಕು. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಸಮಿತಿಯ ಕೆಲಸವೇನು? ಶಾಲೆ ಹೇಗೆ ನಡೆಯುತ್ತಿದೆಯೆಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸಿ ಶಿಫಾರಸು ಮಾಡುವುದು, ಬಂದ ಅನುದಾನ ಸರಿಯಾಗಿ ಖರ್ಚಾಯಿತೇ ಎಂದು ಪರಿಶೀಲಿಸುವುದು. ಅಧ್ಯಾಪಕರು ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವಿದೆಯೇ, ಕುಡಿಯುವ ನೀರು ಇದೆಯೇ, ಬಿಸಿಯೂಟದ ಅಕ್ಕಿಯಲ್ಲಿ ಹುಳು ಇಲ್ಲವೇ ಎಂದು ಕೇಳುವ ಹಕ್ಕನ್ನು ಕೂಲಿ ಮಾಡುವ ತಂದೆಗೂ ಬೀಡಿ ಕಟ್ಟುವ ತಾಯಿಗೂ ಕಾನೂನು ಕೊಟ್ಟಿದೆ. ಹಿಂದೆ ಹೆಡ್‌ಮಾಸ್ಟರರ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಕಳಚಿ ಕೈಕಟ್ಟಿ ನಿಲ್ಲುತ್ತಿದ್ದ ನಮ್ಮವರಿಗೆ ಅದೇ ಕೋಣೆಯೊಳಗೆ ಕುಳಿತುಕೊಳ್ಳಲು ಕುರ್ಚಿ ಸಿಕ್ಕಿದೆ. ನಾವು ಅದನ್ನು ಖಾಲಿ ಬಿಟ್ಟಿದ್ದೇವೆ.

ಅಳುತ್ತಾ ಬಂದ ಬಾಲಕ

ಶಾಲೆ ನಮಗೆ ಸಂಬಂಧಿಸಿದ ವಿಷಯವಲ್ಲ ಎನ್ನುವವರು ಬದ್ರ್ ಯುದ್ಧದ ನಂತರ ನಡೆದುದನ್ನು ಒಮ್ಮೆ ನೆನಪಿಸಿಕೊಳ್ಳಲಿ. ಹಿಜರಿ 2ನೇ ವರ್ಷ. ಮಕ್ಕಾದ ಸುಮಾರು 70 ಮಂದಿ ಸೆರೆಯಾಳುಗಳಾಗಿ ಮದೀನಕ್ಕೆ ಬಂದಿದ್ದರು. ಹಣವಿದ್ದವರು ಹಣ ಕೊಟ್ಟು ಬಿಡುಗಡೆ ಪಡೆದರು. ಹಣವಿಲ್ಲದ, ಆದರೆ ಬರೆಯಲು ಬಲ್ಲ ಕೆಲವರಿಗೆ ಪ್ರವಾದಿವರ್ಯರು(ಸ) ಅನ್ಸಾರ್‌ಗಳ ಮಕ್ಕಳಿಗೆ ಬರವಣಿಗೆ ಕಲಿಸುವುದನ್ನೇ ವಿಮೋಚನಾ ಧನವಾಗಿ ನಿಶ್ಚಯಿಸಿದರು. ಈ ಘಟನೆಯನ್ನು ನಾವು ವೇದಿಕೆಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ, ಇಸ್ಲಾಮ್ ವಿದ್ಯೆಗೆ ಎಷ್ಟು ಮಹತ್ವ ಕೊಟ್ಟಿದೆಯೆಂದು ತೋರಿಸಲು. ಆದರೆ ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿ ಇಬ್ನು ಅಬ್ಬಾಸ್(ರ)ರಿಂದ ಬಂದಿರುವ ಈ ವರದಿಯ ಉಳಿದ ಭಾಗವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಒಂದು ದಿನ ಒಬ್ಬ ಬಾಲಕ ಅಳುತ್ತಾ ಮನೆಗೆ ಬಂದ. ಏನಾಯಿತೆಂದು ತಂದೆ ವಿಚಾರಿಸಿದರು. ಉಸ್ತಾದರು ಹೊಡೆದರೆಂದು ಹುಡುಗ ಹೇಳಿದ. ಆ ದುಷ್ಟ ಬದ್ರ್‌ನ ಸೇಡನ್ನು ನಿನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ, ಇನ್ನೆಂದೂ ಅವನ ಬಳಿಗೆ ಹೋಗಬೇಡ ಎಂದು ತಂದೆ ಆಣೆಯಿಟ್ಟು ಹೇಳಿಬಿಟ್ಟರು.

ಈ ಸಣ್ಣ ವರದಿಯಲ್ಲಿ ನಮಗೆ ಎಷ್ಟೊಂದು ವಿಷಯಗಳಿವೆ ನೋಡಿ. ಕಲಿಸುವವರು ಮುಸ್ಲಿಮರಾಗಿರಲಿಲ್ಲ. ಅಷ್ಟೇ ಅಲ್ಲ, ಕೆಲವೇ ದಿನಗಳ ಹಿಂದೆ ಖಡ್ಗ ಹಿಡಿದು ಬಂದಿದ್ದ ಶತ್ರುಗಳು. ಆದರೂ ಅವರ ಮುಂದೆ ಮಕ್ಕಳನ್ನು ಕೂರಿಸಲು ಪ್ರವಾದಿವರ್ಯರು(ಸ) ಹಿಂಜರಿಯಲಿಲ್ಲ. ಹಾಗೆಂದು ಮಕ್ಕಳನ್ನು ಅವರ ಕೈಗೊಪ್ಪಿಸಿ ತಂದೆತಾಯಿಯರು ಸುಮ್ಮನಾಗಲೂ ಇಲ್ಲ. ಮಗು ಅಳುತ್ತಾ ಬಂದಾಗ ಕಾರಣ ಕೇಳುವ ತಂದೆ ಮನೆಯಲ್ಲಿದ್ದರು. ಕೇಳಿದ್ದನ್ನು ತೂಗಿ ನೋಡಿ ತೀರ್ಮಾನ ತೆಗೆದುಕೊಳ್ಳುವ ಅಧಿಕಾರವೂ ಅವರಿಗಿತ್ತು. ನಮ್ಮಲ್ಲಿ ಮಗು ಅಳುತ್ತಾ ಬಂದರೆ ಎರಡು ಬಗೆಯ ತಂದೆಯರನ್ನು ಕಾಣುತ್ತೇವೆ. ಒಬ್ಬರು, ನೀನೇ ಏನೋ ಕಿತಾಪತಿ ಮಾಡಿರಬೇಕು ಎಂದು ಮನೆಯಲ್ಲೂ ಎರಡು ಬಾರಿಸುತ್ತಾರೆ. ಇನ್ನೊಬ್ಬರು ನಾಲ್ಕು ಜನರನ್ನು ಕಟ್ಟಿಕೊಂಡು ಶಾಲೆಗೆ ಹೋಗಿ ಅಂಗಳದಲ್ಲಿ ಕೂಗಾಡುತ್ತಾರೆ. ಸಮಿತಿಯ ಸಭೆಗೆ ಬಂದು, ದೂರನ್ನು ಬರೆದು ಕೊಟ್ಟು, ಅಧ್ಯಾಪಕರ ಮಾತನ್ನೂ ಕೇಳಿ ತೀರ್ಮಾನಿಸುವ ಮೂರನೆಯ ಬಗೆಯವರು ವಿರಳ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ಅದೇ ಕಾಯಿದೆಯ 17ನೇ ಕಲಮು ನಿಷೇಧಿಸಿದೆ ಎಂಬುದೂ ಎಷ್ಟೋ ತಂದೆತಾಯಿಯರಿಗೆ ತಿಳಿದಿಲ್ಲ. (ನಮ್ಮ ಮದ್ರಸಗಳ ಉಸ್ತಾದರೂ ಈ ವಿಷಯದಲ್ಲಿ ಸ್ವಲ್ಪ ಯೋಚಿಸಿದರೆ ಒಳ್ಳೆಯದು.)

ನಿಮ್ಮಲ್ಲಿ ಪ್ರತಿಯೊಬ್ಬರೂ ಕುರಿಗಾಹಿಗಳು, ತಮ್ಮ ಹಿಂಡಿನ ಬಗ್ಗೆ ಪ್ರತಿಯೊಬ್ಬರನ್ನೂ ವಿಚಾರಿಸಲಾಗುವುದು ಎಂಬ ಅರ್ಥದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಕುರಿಯನ್ನು ಬೆಳಿಗ್ಗೆ ಇನ್ನೊಬ್ಬರ ಹೊಲಕ್ಕೆ ಅಟ್ಟಿ, ಸಂಜೆ ಎಷ್ಟು ಕುರಿ ಮರಳಿ ಬಂದವೆಂದು ಎಣಿಸದವನನ್ನು ಕುರಿಗಾಹಿ ಎಂದು ಯಾರಾದರೂ ಕರೆದಾರೆಯೇ?

ನಮಾಝ್ ಮತ್ತು ದಾನದ ನಡುವೆ

ಪವಿತ್ರ ಕುರ್‌ಆನ್‌ನಲ್ಲಿ ಸಮಾಲೋಚನೆಯ ಹೆಸರಿನದೇ ಒಂದು ಅಧ್ಯಾಯವಿದೆ, ಅಶ್ಶೂರಾ. ಅದರ 38ನೇ ವಚನದಲ್ಲಿ ಸತ್ಯವಿಶ್ವಾಸಿಗಳ ಗುಣಗಳನ್ನು ಹೇಳುವಾಗ, ಅವರು ನಮಾಝ್ ಸಂಸ್ಥಾಪಿಸುವವರೆಂದೂ, ತಮ್ಮ ವಿಷಯಗಳನ್ನು ಪರಸ್ಪರ ಸಮಾಲೋಚಿಸಿ ನಡೆಸುವವರೆಂದೂ, ಅಲ್ಲಾಹನು ಕೊಟ್ಟುದರಿಂದ ಖರ್ಚು ಮಾಡುವವರೆಂದೂ ಹೇಳಲಾಗಿದೆ. ಈ ಕ್ರಮವನ್ನು ಗಮನಿಸಿ. ಒಂದು ಬದಿಯಲ್ಲಿ ನಮಾಝ್, ಇನ್ನೊಂದು ಬದಿಯಲ್ಲಿ ದಾನ, ನಡುವೆ ಸಮಾಲೋಚನೆ. ನಮಾಝ್ ತಪ್ಪಿದರೆ ನಮಗೆ ಮನಸ್ಸು ಚುಚ್ಚುತ್ತದೆ, ದಾನ ಕೊಡದಿದ್ದರೆ ನಾಚಿಕೆಯಾಗುತ್ತದೆ, ಸಭೆ ತಪ್ಪಿಸಿದರೆ ಮಾತ್ರ ಏನೂ ಅನಿಸುವುದಿಲ್ಲ. ಇದು ಮಕ್ಕಾದಲ್ಲಿ ಅವತೀರ್ಣವಾದ ಅಧ್ಯಾಯ. ಆಗ ಮುಸ್ಲಿಮರ ಕೈಯಲ್ಲಿ ರಾಜ್ಯವಿರಲಿಲ್ಲ, ಅಧಿಕಾರವಿರಲಿಲ್ಲ. ಆದ್ದರಿಂದ ಸಮಾಲೋಚನೆ ಖಲೀಫರಿಗೆ ಸಂಬಂಧಿಸಿದ್ದು, ನಮಗಲ್ಲ ಎಂದು ನುಣುಚಿಕೊಳ್ಳಲು ಬರುವುದಿಲ್ಲ.

ಸಭೆಗೆ ಹೋದರೆ ಏನು ಪ್ರಯೋಜನ, ಕೊನೆಗೆ ತಪ್ಪು ತೀರ್ಮಾನವೇ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅವರ ಮಾತಿನಲ್ಲಿ ಅನುಭವದ ಕಹಿಯಿದೆ, ಒಪ್ಪುತ್ತೇನೆ. ಆದರೆ ಉಹುದ್‌ಗೆ ಮೊದಲು ಏನಾಯಿತು? ಮದೀನದೊಳಗೇ ಇದ್ದು ಎದುರಿಸೋಣ ಎಂಬುದು ಪ್ರವಾದಿವರ್ಯರ(ಸ) ಒಲವಾಗಿತ್ತು. ಯುವಕರು ಹೊರಗೆ ಹೋಗಿ ಕಾದಾಡಬೇಕೆಂದು ಒತ್ತಾಯಿಸಿದರು. ಹೆಚ್ಚಿನವರ ಅಭಿಪ್ರಾಯದಂತೆ ಹೊರಗೆ ಹೋದರು. 70 ಮಂದಿ ಸಹಾಬಿಗಳು ಹುತಾತ್ಮರಾದರು, ಸ್ವತಃ ಪ್ರವಾದಿವರ್ಯರು(ಸ) ಗಾಯಗೊಂಡರು. ಆ ನೋವು ಇನ್ನೂ ಹಸಿಯಾಗಿರುವಾಗಲೇ ಆಲಿ ಇಮ್ರಾನ್ ಅಧ್ಯಾಯದ 159ನೇ ವಚನ ಅವತೀರ್ಣವಾಯಿತು. ಇನ್ನು ಮುಂದೆ ಇವರನ್ನು ಕೇಳಬೇಡಿರೆಂದು ಅದು ಹೇಳಲಿಲ್ಲ. ಅವರನ್ನು ಕ್ಷಮಿಸಬೇಕೆಂದೂ ಅವರೊಡನೆ ಸಮಾಲೋಚಿಸಬೇಕೆಂದೂ ಆದೇಶಿಸಿತು. ನಮ್ಮ ಶಾಲೆಯ ಸಭೆಯಲ್ಲಿ ಆಟದ ಸಾಮಾನಿನ ಬದಲು ಗೇಟಿಗೆ ಬಣ್ಣ ಬಳಿಸಲು ತೀರ್ಮಾನವಾಯಿತೆಂದು ಮುನಿಸಿಕೊಂಡು ಎರಡು ವರ್ಷ ಸಭೆಗೆ ಬಾರದವರು ಈ ವಚನವನ್ನು ಮತ್ತೊಮ್ಮೆ ಓದಬೇಕು.

ಓದದೆ ಹಾಕಿದ ಸಹಿ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳದೆ ಮುಂದೆ ಹೋಗುವುದು ಸರಿಯಾಗದು. ನನ್ನ ಮಗಳು ಓದುತ್ತಿದ್ದ ಶಾಲೆಯ ಸಮಿತಿಯಲ್ಲಿ ನಾನೂ ಇದ್ದೆ. ಒಂದು ಸಂಜೆ ಶಾಲೆಯಿಂದ ನಡಾವಳಿ ಪುಸ್ತಕ ಬಂತು. ಮೂರು ಸಭೆಗಳ ನಡಾವಳಿ ಅದರಲ್ಲಿತ್ತು. ಆ ಮೂರು ಸಭೆಗಳಲ್ಲಿ ಒಂದೂ ನಡೆದಿರಲಿಲ್ಲ. ಮಗ್ರಿಬ್‌ಗೆ ಹೊತ್ತಾಗುತ್ತಿತ್ತು, ಪುಸ್ತಕ ತಂದವರು ಬಾಗಿಲಲ್ಲಿ ನಿಂತಿದ್ದರು, ಮೇಷ್ಟ್ರು ಒಳ್ಳೆಯವರು ಎಂಬ ಭರವಸೆಯೂ ಇತ್ತು. ಮೂರೂ ಕಡೆ ಸಹಿ ಹಾಕಿದೆ. ವಝೂ ಮಾಡಿ ಮಸೀದಿಗೆ ಹೋಗಿ ಮೊದಲ ಸಾಲಿನಲ್ಲಿ ನಿಂತೆ. ನಡೆಯದ ಸಭೆಯಲ್ಲಿ ಹಾಜರಿದ್ದೆನೆಂದು ಬರೆದುಕೊಟ್ಟದ್ದು ಸುಳ್ಳು ಸಾಕ್ಷಿ ಎಂಬುದು ಆ ರಾತ್ರಿ ನನಗೆ ಹೊಳೆಯಲಿಲ್ಲ. ಕೆಲವು ತಿಂಗಳ ನಂತರ ಒಂದು ಕೋಣೆಯ ಮಾಡು ಸೋರತೊಡಗಿ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿದಾಗ, ಮಾಡಿನ ದುರಸ್ತಿಗೆ ಬಂದ ಹಣವೆಲ್ಲಿ ಎಂದು ಕೇಳಲು ಹೋದೆ. ಆ ಪುಸ್ತಕವನ್ನೇ ತೆರೆದು ತೋರಿಸಿದರು. ದುರಸ್ತಿ ಪೂರ್ಣಗೊಂಡಿದೆಯೆಂದು ಸಮಿತಿ ಒಪ್ಪಿಗೆ ಕೊಟ್ಟಿತ್ತು. ಕೆಳಗೆ ನನ್ನ ಸಹಿ ಇತ್ತು. ಯಾರನ್ನು ದೂರಲಿ? ಆ ಮಳೆಗಾಲವಿಡೀ ಮಕ್ಕಳು ಜಗಲಿಯಲ್ಲಿ ಒದ್ದೆಯಾದ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತದ್ದರಲ್ಲಿ ನನ್ನ ಪಾಲೂ ಇದೆ. ಅಲ್ಲಾಹನು ಕ್ಷಮಿಸಲಿ.

ಕುರ್‌ಆನ್‌ನ ಅತ್ಯಂತ ದೀರ್ಘ ವಚನ ಯಾವುದು ಗೊತ್ತೇ? ಸ್ವರ್ಗದ ವರ್ಣನೆಯಲ್ಲ, ನರಕದ ವರ್ಣನೆಯೂ ಅಲ್ಲ. ಅಲ್ ಬಕರ ಅಧ್ಯಾಯದ 282ನೇ ವಚನ, ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾದದ್ದು. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು, ಬರೆಯುವವನಿಗೂ ಸಾಕ್ಷಿಗೂ ಕಿರುಕುಳವಾಗಬಾರದು ಎಂದೆಲ್ಲ ಅಲ್ಲಾಹನು ಅದರಲ್ಲಿ ವಿವರವಾಗಿ ಕಲಿಸಿದ್ದಾನೆ. ಇಬ್ಬರ ನಡುವಿನ ಸಾಲಕ್ಕೇ ಇಷ್ಟು ಎಚ್ಚರಿಕೆಯಿದ್ದರೆ ಒಂದು ಊರಿನ ಮಕ್ಕಳಿಗೆ ಸೇರಿದ ಹಣಕ್ಕೆ ಎಷ್ಟು ಇರಬೇಡ? ಶಾಲೆಯ ನಗದು ಪುಸ್ತಕ, ವೋಚರು, ರಶೀದಿ, ಪಾಸ್‌ಬುಕ್ ಇವನ್ನು ನೋಡಬೇಕೆಂದು ಕೇಳುವುದು ಸಂಶಯದ ಲಕ್ಷಣವಲ್ಲ. ಪ್ರಾಮಾಣಿಕರಾದ ಮುಖ್ಯೋಪಾಧ್ಯಾಯರಿಗೆ ಅದು ರಕ್ಷಣೆಯೂ ಹೌದು. ಅನಾಥರ ಸೊತ್ತನ್ನು ಅವರಿಗೆ ಮರಳಿಸುವಾಗ ಸಾಕ್ಷಿಗಳನ್ನಿರಿಸಿಕೊಳ್ಳಲು ಅನ್ನಿಸಾ ಅಧ್ಯಾಯದ 6ನೇ ವಚನದಲ್ಲಿ ಆದೇಶಿಸಿರುವುದು ಪಾಲಕನು ಕಳ್ಳನೆಂಬ ಕಾರಣಕ್ಕಲ್ಲ.

ಹಝ್ರತ್ ಉಮರ್(ರ)ರು ತಮ್ಮ ಮತ್ತು ಬೈತುಲ್‌ಮಾಲ್‌ನ ಸಂಬಂಧವನ್ನು ಅನಾಥನ ಪಾಲಕನಿಗೂ ಅನಾಥನ ಸೊತ್ತಿಗೂ ಇರುವ ಸಂಬಂಧಕ್ಕೆ ಹೋಲಿಸುತ್ತಿದ್ದರು. ಅನುಕೂಲವಿದ್ದರೆ ಮುಟ್ಟುವುದಿಲ್ಲ, ಅಗತ್ಯ ಬಿದ್ದರೆ ಮಾತ್ರ ನ್ಯಾಯವಾದಷ್ಟು ತೆಗೆದುಕೊಳ್ಳುತ್ತೇನೆ ಎಂಬುದು ಅವರ ನಿಲುವಾಗಿತ್ತು. ಶಾಲೆಯ ಖಾತೆಯ ಚೆಕ್ಕಿಗೆ ಮುಖ್ಯೋಪಾಧ್ಯಾಯರ ಜೊತೆ ಸಹಿ ಹಾಕುವ ಎಸ್.ಡಿ.ಎಂ.ಸಿ. ಅಧ್ಯಕ್ಷರು ಈ ಮಾತನ್ನು ಚೆಕ್ ಪುಸ್ತಕದ ಮೇಲೆಯೇ ಬರೆದಿಟ್ಟುಕೊಳ್ಳಬೇಕು. ಖಾಲಿ ಚೆಕ್ಕುಗಳಿಗೆ ಒಮ್ಮೆಗೇ ಸಹಿ ಹಾಕಿಕೊಟ್ಟು, ನಮಗೆ ನಿಮ್ಮ ಮೇಲೆ ಭರವಸೆಯಿದೆ ಮೇಷ್ಟ್ರೇ ಎನ್ನುವುದು ಔದಾರ್ಯವಲ್ಲ. ಇನ್ನೊಬ್ಬರ ಸೊತ್ತಿನಲ್ಲಿ ಔದಾರ್ಯ ತೋರುವ ಅಧಿಕಾರ ನಮಗಿಲ್ಲ.

ಇನ್ನೊಂದು ಕಾಯಿಲೆಯೂ ಇದೆ. ಸಮವಸ್ತ್ರದ ಅಂಗಡಿಯವನೋ ಕಟ್ಟಡದ ಕಂತ್ರಾಟುದಾರನೋ ಸಮಿತಿಯವರ ಮನೆಗೆ ಹಬ್ಬದ ನೆಪದಲ್ಲಿ ಏನಾದರೂ ಕಳುಹಿಸುತ್ತಾನೆ. ಇದು ಲಂಚವಲ್ಲ, ಪ್ರೀತಿಯಿಂದ ಕೊಟ್ಟದ್ದು ಎನ್ನುತ್ತೇವೆ. ಅಝ್ದ್ ಗೋತ್ರದ ಇಬ್ನುಲ್ಲುತ್‌ಬಿಯ್ಯ ಎಂಬವರನ್ನು ಪ್ರವಾದಿವರ್ಯರು(ಸ) ಝಕಾತ್ ವಸೂಲಿಗೆ ಕಳುಹಿಸಿದ್ದರು. ಅವರು ಹಿಂದಿರುಗಿ ಬಂದು ಇದು ನಿಮಗೆ ಸೇರಿದ್ದು, ಇದು ನನಗೆ ಉಡುಗೊರೆಯಾಗಿ ಸಿಕ್ಕಿದ್ದು ಎಂದು ಎರಡು ಪಾಲು ಮಾಡಿ ಇಟ್ಟರು. ಪ್ರವಾದಿವರ್ಯರು(ಸ) ಮಿಂಬರ್ ಏರಿ, ಈತ ತನ್ನ ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದರು. ಸಮಿತಿಯ ಸದಸ್ಯನಾಗುವ ಮೊದಲು ಆ ಅಂಗಡಿಯವನು ನನ್ನ ಮನೆಗೆ ಏನಾದರೂ ಕಳುಹಿಸಿದ್ದನೇ? ಈ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು.

ಯಾರನ್ನು ಆರಿಸಬೇಕು?

ನಮ್ಮ ಊರುಗಳಲ್ಲಿ ಸಮಿತಿಗೆ ಹೆಸರು ಸೂಚಿಸುವಾಗ ಎರಡು ರೂಢಿಗಳಿವೆ. ಒಂದೋ ಜೋರಾಗಿ ಮಾತನಾಡುವವರನ್ನು ಆರಿಸುತ್ತಾರೆ, ಇಲ್ಲವೇ ಏನನ್ನೂ ಕೇಳದ ಸಾಧು ಮನುಷ್ಯರನ್ನು. ಇತ್ತೀಚಿನ ವರ್ಷಗಳಲ್ಲಿ ಪಕ್ಷದವರೂ ಸೇರಿಕೊಂಡು ಪಂಚಾಯತು ಚುನಾವಣೆಯ ಹಾಗೆ ಗುಂಪುಗಾರಿಕೆ ಮಾಡುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಮದ್‌ಯನ್‌ನ ಹಿರಿಯರ ಮಗಳು ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಸಲಹೆ ನೀಡುವಾಗ ಎರಡು ಗುಣಗಳನ್ನು ಜೊತೆಯಾಗಿ ಹೇಳಿದ್ದಳು, ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಅಲ್ ಕಸಸ್ ಅಧ್ಯಾಯದ 26ನೇ ವಚನದಲ್ಲಿ ಇದನ್ನು ಕಾಣಬಹುದು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಸಾಲದು. ಅಬೂದರ್ರ್(ರ)ರಿಗಿಂತ ಪ್ರಾಮಾಣಿಕರು ಯಾರಿದ್ದರು? ಆದರೂ ಅವರು ಹುದ್ದೆ ಕೇಳಿದಾಗ ಪ್ರವಾದಿವರ್ಯರು(ಸ) ಅವರ ಹೆಗಲ ಮೇಲೆ ಕೈಯಿಟ್ಟು, ನೀವು ದುರ್ಬಲರು, ಇದು ಅಮಾನತ್, ಹಕ್ಕಿನಿಂದ ಪಡೆದು ಹೊಣೆ ತೀರಿಸಿದವರ ಹೊರತು ಉಳಿದವರಿಗೆ ಇದು ಅಂತ್ಯದಿನದಲ್ಲಿ ಅಪಮಾನ ಮತ್ತು ಪಶ್ಚಾತ್ತಾಪವಾಗುವುದು ಎಂಬರ್ಥದಲ್ಲಿ ತಿಳಿಹೇಳಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅವರ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು ಅದು.

ಆದರೆ ಈ ಹದೀಸನ್ನು ನೆಪವಾಗಿಸಿಕೊಂಡು ಸಮರ್ಥರೂ ಹಿಂದೆ ಸರಿಯುವುದಾದರೆ ಅದೂ ತಪ್ಪು. ಈಜಿಪ್ಟಿನಲ್ಲಿ ಬರಗಾಲ ಬರಲಿದ್ದಾಗ ಯೂಸುಫ್(ಅ)ರು ಭಂಡಾರಗಳ ಹೊಣೆಯನ್ನು ತಾವಾಗಿಯೇ ಕೇಳಿದರು, ತಾವು ಕಾಯಬಲ್ಲವರು ಮತ್ತು ತಿಳಿದವರು ಎಂಬ ಕಾರಣ ಕೊಟ್ಟು. ಲೆಕ್ಕ ಬಲ್ಲ, ಅರ್ಜಿ ಬರೆಯಬಲ್ಲ, ಬಿ.ಇ.ಒ. ಕಚೇರಿಯಲ್ಲಿ ಹೆದರದೆ ಮಾತನಾಡಬಲ್ಲ ನಾಲ್ಕು ಜನ ನಮ್ಮ ಪ್ರತಿಯೊಂದು ಜಮಾಅತ್‌ನಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರ ಮಕ್ಕಳು ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾರೆ, ಆದ್ದರಿಂದ ಅವರು ಪೋಷಕ ಸದಸ್ಯರಾಗಲಾರರು. ಈ ಒಂದು ಸಂಗತಿಯೇ ನಮ್ಮ ಸರಕಾರಿ ಶಾಲೆಗಳ ಅರ್ಧ ಕತೆಯನ್ನು ಹೇಳುತ್ತದೆ. ಕೇಳಬಲ್ಲವರ ಮಕ್ಕಳು ಅಲ್ಲಿಲ್ಲ, ಅಲ್ಲಿರುವ ಮಕ್ಕಳ ತಂದೆತಾಯಿಯರಿಗೆ ಕೇಳಲು ಬಾಯಿಲ್ಲ. ಸದಸ್ಯರಾಗದಿದ್ದರೂ ಅಂತಹವರು ಒಂದು ಶುಕ್ರವಾರ ಜುಮಾದ ನಂತರ ಅರ್ಧ ಗಂಟೆ ಕುಳಿತು, ಸದಸ್ಯರಾದ ಸಹೋದರರಿಗೆ ನಡಾವಳಿ ಓದುವುದು ಹೇಗೆ, ಶಾಲಾಭಿವೃದ್ಧಿ ಯೋಜನೆ ಬರೆಯುವುದು ಹೇಗೆ ಎಂದು ಹೇಳಿಕೊಡಬಹುದಲ್ಲವೇ? ಮಸೀದಿಗೆ ಟೈಲ್ಸ್ ಹಾಕಿಸಿಕೊಡುವಷ್ಟೇ ಪುಣ್ಯದ ಕೆಲಸ ಇದೆಂದು ನಾನು ನಂಬುತ್ತೇನೆ.

ಬೇರೆ ಧರ್ಮದವರ ಜೊತೆ ಒಂದೇ ಬೆಂಚಿನಲ್ಲಿ

ಶಾಲೆಯ ಸಮಿತಿಯಲ್ಲಿ ಎಲ್ಲ ಜಾತಿ, ಧರ್ಮದವರೂ ಇರುತ್ತಾರೆ. ಇದರಿಂದಲೂ ಕೆಲವರು ಹಿಂಜರಿಯುತ್ತಾರೆ. ಆದರೆ ನಮ್ಮ ಪ್ರವಾದಿವರ್ಯರು(ಸ) ಪ್ರವಾದಿಯಾಗುವ ಮೊದಲು ಮಕ್ಕಾದ ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ನಡೆದ ಹಿಲ್‌ಫುಲ್ ಫುಝೂಲ್ ಎಂಬ ಒಪ್ಪಂದದಲ್ಲಿ ಪಾಲ್ಗೊಂಡಿದ್ದರು. ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವ ತನಕ ಅವನ ಪರ ನಿಲ್ಲುವೆವೆಂಬುದು ಆ ಒಪ್ಪಂದ. ಅದರಲ್ಲಿದ್ದವರು ಬಹುದೇವಾರಾಧಕರು. ಇಸ್ಲಾಮ್ ಬಂದ ನಂತರವೂ, ಅಂತಹ ಒಪ್ಪಂದಕ್ಕೆ ಈಗ ಕರೆದರೂ ಹೋಗುವೆನೆಂದು ಪ್ರವಾದಿವರ್ಯರು(ಸ) ಹೇಳಿದ್ದರು.

ಸಮಿತಿಯಲ್ಲಿ ಕುಳಿತ ಮುಸ್ಲಿಮನು ಮುಸ್ಲಿಮ್ ಮಕ್ಕಳ ವಕೀಲನಾಗಿ ಮಾತ್ರ ಕುಳಿತಿರುವುದಿಲ್ಲ. ಹೊಲೆಗೇರಿಯಿಂದ ಬರುವ ಹುಡುಗನನ್ನು ಊಟದ ಸಾಲಿನಲ್ಲಿ ಬೇರೆ ಕೂರಿಸಿದರೆ ಮೊದಲು ಎದ್ದು ಕೇಳಬೇಕಾದವನು ನಮಾಝಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವವನು. ನಮ್ಮ ಮಗುವಿಗೆ ಅನ್ಯಾಯವಾದಾಗಲೂ ನ್ಯಾಯವನ್ನೇ ಕೇಳಬೇಕು, ಸೇಡನ್ನಲ್ಲ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ವಿಮುಖರನ್ನಾಗಿ ಮಾಡದಿರಲಿ ಎಂಬ ಆದೇಶ ಅಲ್ ಮಾಇದಾ ಅಧ್ಯಾಯದ 8ನೇ ವಚನದಲ್ಲಿದೆ. ಹೊರಗಿನ ಗಲಾಟೆಗಳನ್ನು ಶಾಲೆಯ ಗೇಟಿನೊಳಗೆ ತರಲು ಬಯಸುವವರು ಎಲ್ಲ ಕಡೆಯೂ ಇದ್ದಾರೆ. ಆದರೆ ಒಂದೇ ಸಮಿತಿಯಲ್ಲಿ ಕುಳಿತು ಬಾವಿಗೆ ಪಂಪು ಹಾಕಿಸಲು ಅರ್ಜಿ ಬರೆದವರು, ಬಿಸಿಯೂಟದ ಸಾರು ರುಚಿ ನೋಡಿದವರು, ಗಾಳಿಮಾತುಗಳನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಗಾಳಿಸುದ್ದಿ ಹಬ್ಬಿದಾಗ ಪರಸ್ಪರರ ಮನೆಬಾಗಿಲು ತಟ್ಟಿ ಕೇಳುವಷ್ಟು ಪರಿಚಯ ಅವರಲ್ಲಿರುತ್ತದೆ.

ಹೆಸರು ಅವರದು, ಸಹಿ ಇವರದು

ಮಹಿಳೆಯರ ವಿಷಯಕ್ಕೆ ಬರೋಣ. ಅರ್ಧದಷ್ಟು ಸ್ಥಾನ ಅವರಿಗಿದೆ ಎಂದೆ. ಪುಸ್ತಕದಲ್ಲಿ ಅವರ ಹೆಸರೂ ಇರುತ್ತದೆ. ಸಭೆಗೆ ಬರುವವನು ಗಂಡ, ಸಹಿ ಹಾಕುವವನು ಗಂಡ, ಮಾತನಾಡುವವನೂ ಗಂಡ. ಹೆಂಡತಿಯ ಹೆಸರನ್ನು ತಾನೇ ಗೀಚಿ ಸಹಿಯೆಂದು ಹೇಳುವುದು ಸುಳ್ಳಲ್ಲವೇ? ಪರ್ದಾದ ಹೆಸರಿನಲ್ಲಿ ಈ ಸುಳ್ಳನ್ನು ಸಮರ್ಥಿಸುವವರನ್ನು ಕಂಡಿದ್ದೇನೆ. ಅದೇ ಮಹಿಳೆ ರೇಶನ್ ಅಂಗಡಿಯ ಸಾಲಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಮದುವೆ ಹಾಲಿನಲ್ಲಿ ನಿಲ್ಲುವಾಗ ಇವರಿಗೆ ಪರ್ದಾದ ನೆನಪಾಗುವುದಿಲ್ಲ.

ಹಿಜರಿ 6ನೇ ವರ್ಷ ಹುದೈಬಿಯಾದಲ್ಲಿ ಒಪ್ಪಂದವಾದಾಗ ಸಹಾಬಿಗಳು ದುಃಖದಿಂದ ಸ್ತಬ್ಧರಾಗಿದ್ದರು. ಬಲಿ ನೀಡಿ ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿವರ್ಯರು(ಸ) ಹೇಳಿದರೂ ಯಾರೂ ಏಳಲಿಲ್ಲ. ಗುಡಾರದೊಳಗೆ ಹೋಗಿ ಪತ್ನಿ ಉಮ್ಮು ಸಲಮಾ(ರ)ರೊಡನೆ ಈ ವಿಷಯ ಹೇಳಿದರು. ಯಾರೊಡನೆಯೂ ಮಾತನಾಡದೆ ಹೊರಗೆ ಹೋಗಿ ತಾವೇ ಬಲಿ ನೀಡಿ ತಲೆ ಬೋಳಿಸಿಕೊಳ್ಳಿರೆಂದು ಅವರು ಸಲಹೆ ನೀಡಿದರು. ಹಾಗೆಯೇ ಮಾಡಿದರು, ಉಳಿದವರೆಲ್ಲ ಎದ್ದು ಅನುಸರಿಸಿದರು. ಸಾವಿರಕ್ಕೂ ಹೆಚ್ಚು ಪುರುಷರಿದ್ದ ಶಿಬಿರದಲ್ಲಿ ದಾರಿ ತೋರಿದ ಸಲಹೆ ಒಬ್ಬ ಮಹಿಳೆಯದಾಗಿತ್ತು.

ಶಾಲೆಯ ಮಟ್ಟಿಗಂತೂ ತಾಯಂದಿರಿಗೆ ಗೊತ್ತಿರುವುದು ತಂದೆಯರಿಗೆ ಗೊತ್ತಿರುವುದಿಲ್ಲ. ಯಾವ ಹುಡುಗಿ ಶೌಚಾಲಯಕ್ಕೆ ಬಾಗಿಲಿಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ ಇರುತ್ತಾಳೆ, ಯಾವ ಹುಡುಗಿ ದೊಡ್ಡವಳಾದ ಮೇಲೆ ತಿಂಗಳಿಗೆ ನಾಲ್ಕು ದಿನ ರಜೆ ಹಾಕುತ್ತಾಳೆ, ಏಳನೆಯ ತರಗತಿಯ ನಂತರ ಯಾವ ಮನೆಯಲ್ಲಿ ಓದು ಸಾಕೆಂಬ ಮಾತು ನಡೆಯುತ್ತಿದೆ ಎಂಬುದೆಲ್ಲ ಅಡುಗೆಮನೆಗಳಲ್ಲಿ ತಿಳಿದಿರುತ್ತದೆ, ಹೆಡ್‌ಮಾಸ್ಟರರ ಕೋಣೆಯಲ್ಲಲ್ಲ. ಸಮಿತಿಯಲ್ಲಿ ತಾಯಂದಿರು ಬಾಯಿ ತೆರೆದರೆ ಈ ಸಂಗತಿಗಳು ನಡಾವಳಿ ಪುಸ್ತಕಕ್ಕೆ ಬರುತ್ತವೆ. ಹಾಜರಿ ಪುಸ್ತಕದಲ್ಲಿ ಸತತವಾಗಿ ಗೈರುಹಾಜರಿ ಬಿದ್ದ ಹುಡುಗಿಯ ಮನೆಗೆ ಅಧ್ಯಾಪಕರು ಹೋದರೆ ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ. ಪಕ್ಕದ ಮನೆಯ ಸದಸ್ಯೆ ಹೋದರೆ ಚಾಪೆ ಹಾಸಿ ಕೂರಿಸುತ್ತಾರೆ, ನಿಜ ಕಾರಣ ಹೊರಗೆ ಬರುತ್ತದೆ. ಕೆಲವೊಮ್ಮೆ ಕಾರಣ ಬಹಳ ಚಿಕ್ಕದಿರುತ್ತದೆ, ಒಂದು ಜೊತೆ ಚಪ್ಪಲಿ, ತಮ್ಮನನ್ನು ನೋಡಿಕೊಳ್ಳುವವರಿಲ್ಲದಿರುವುದು, ದಾರಿಯಲ್ಲಿ ಪೋಲಿಗಳ ಕಾಟ. ಇಂತಹ ಒಂದು ಹುಡುಗಿಯನ್ನು ಮತ್ತೆ ತರಗತಿಗೆ ತಂದು ಕೂರಿಸಿದರೆ ಆ ಸಮಿತಿಯ ಮೂರು ವರ್ಷ ಸಾರ್ಥಕವಾಯಿತೆಂದೇ ನಾನು ಹೇಳುವೆ.

ಹೊಣೆ ಒಪ್ಪಿಸುವಾಗ

ಮಗು ಶಾಲೆ ಮುಗಿಸಿ ಟಿ.ಸಿ. ಪಡೆದು ಹೋದ ಮೇಲೆ ತಂದೆತಾಯಿಯ ಸದಸ್ಯತ್ವಕ್ಕೆ ಆಧಾರವಿರುವುದಿಲ್ಲ. ಕೆಲವರಿಗೆ ಆಗ ಕುರ್ಚಿ ಬಿಡಲು ಮನಸ್ಸಾಗುವುದಿಲ್ಲ. ಇನ್ನು ಕೆಲವರು ಬಿಡುತ್ತಾರೆ, ಆದರೆ ಪಾಸ್‌ಬುಕ್ ಎಲ್ಲಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಯಾವ ದಾನಿ ಏನು ಕೊಡುವುದಾಗಿ ಮಾತು ಕೊಟ್ಟಿದ್ದಾರೆ ಎಂಬುದನ್ನು ಹೊಸಬರಿಗೆ ಹೇಳುವುದಿಲ್ಲ. ಹೊಸ ಸಮಿತಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ.

ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಿರೆಂದು ಆದೇಶಿಸುವ ಅನ್ನಿಸಾ ಅಧ್ಯಾಯದ 58ನೇ ವಚನಕ್ಕೆ ವ್ಯಾಖ್ಯಾನಕಾರರು ಒಂದು ಹಿನ್ನೆಲೆಯನ್ನು ಹೇಳಿದ್ದಾರೆ. ಮಕ್ಕಾ ವಿಜಯದ ದಿನ ಪ್ರವಾದಿವರ್ಯರು(ಸ) ಕಅಬಾದ ಬೀಗದ ಕೈಯನ್ನು ಉಸ್ಮಾನ್ ಬಿನ್ ತಲ್ಹಾರಿಂದ ತರಿಸಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಆ ಬೀಗದ ಕೈ ನಮ್ಮ ಮನೆತನಕ್ಕೆ ಸಿಗಲಿ ಎಂದು ಸ್ವಂತ ಕುಟುಂಬದವರೇ ಕೇಳಿಕೊಂಡರು. ಪ್ರವಾದಿವರ್ಯರು(ಸ) ಉಸ್ಮಾನರನ್ನು ಕರೆಸಿ ಅದನ್ನು ಅವರ ಕೈಗೇ ಹಿಂದಿರುಗಿಸಿದರು. ಇಂದಿಗೂ ಕಅಬಾದ ಬೀಗದ ಕೈ ಅವರ ವಂಶದವರ ಬಳಿಯಲ್ಲೇ ಇದೆ.

ನನ್ನ ಅವಧಿ ಮುಗಿದ ದಿನ ನಾನು ಹೊಸ ಸದಸ್ಯರನ್ನು ಜಗಲಿಗೆ ಕರೆದುಕೊಂಡು ಹೋಗಿ ಆ ಸೋರುವ ಮಾಡನ್ನು ತೋರಿಸಿದೆ, ನಡಾವಳಿ ಪುಸ್ತಕದ ಆ ಪುಟವನ್ನೂ ತೋರಿಸಿದೆ. ಅವರಲ್ಲಿ ಒಬ್ಬರು ಮೀನು ಮಾರುವ ಸಹೋದರ, ಇನ್ನೊಬ್ಬರು ಟೈಲರಿಂಗ್ ಮಾಡುವ ಸಹೋದರಿ. ಆ ಸಹೋದರಿ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಮೊದಲ ಪುಟದಿಂದ ಓದಲು ಆರಂಭಿಸಿದರು.